ಕೈಯೊಡ್ಡಿದ ಉಪದೇಶಕ

ಮಾರೇನಹಳ್ಳಿ, ವಿಜಯನಗರದ ಕಡೆಯ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸ್ಕ್ರೂಗೇಜು ಹಿಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಉಪಕರಣವನ್ನು ಪೂರ್ತಿ ಮುಚ್ಚಿದಾಗ ಅದು ಸೊನ್ನೆಯನ್ನು ತೋರಿಸಬೇಕು. ಇಲ್ಲವಾದರೆ ಆಮೇಲೆ ತೆಗೆದ ಅಳತೆಗಳೆಲ್ಲವೂ ಅಷ್ಟಷ್ಟೇ ತಪ್ಪು. ನೂರು ಸಲ ಅಳೆದರೂ ಆ ದೋಷ ತಾನಾಗಿ ಬಯಲಾಗದು. ಅಹಂಕಾರವೂ ಇಂಥದೇ, ಇದ್ದವನಿಗೇ ಕಾಣಿಸದು.

ಕ್ರೈಸ್ತ ಚಿಂತನೆ ಇದನ್ನು ಬಹು ಹಿಂದೆಯೇ ಗುರುತಿಸಿದೆ. ಸಂತ ಅಗಸ್ಟೀನ್ ಪಾಪದ ಬೇರನ್ನು ಕಂಡದ್ದು ಅಹಂಕಾರದಲ್ಲಿ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯ ಫರಿಸಾಯನು ಕೆಟ್ಟವನೇನಲ್ಲ. ವಾರಕ್ಕೆರಡು ಉಪವಾಸ ಮಾಡುತ್ತಾನೆ, ಸಂಪಾದನೆಯ ಹತ್ತನೆಯ ಒಂದು ಪಾಲನ್ನು ಕೊಡುತ್ತಾನೆ. ಆದರೆ ದೂರದಲ್ಲಿ ನಿಂತ ಸುಂಕದವನ ಪಕ್ಕದಲ್ಲಿಟ್ಟು ತನ್ನ ಪುಣ್ಯವನ್ನು ತೂಗಿದ. ಒಳ್ಳೆಯತನವೇ ಅಹಂಕಾರಕ್ಕೆ ಗೊಬ್ಬರವಾಗಬಲ್ಲದು. ವಿನಯವೂ ಕೂಡ!

ಹಾಗೆಂದು ತನ್ನನ್ನು ತಾನೇ ಹೀನೈಸಿಕೊಳ್ಳುವುದು ಮದ್ದಲ್ಲ. ಆಗಲೂ ಕಣ್ಣು ತನ್ನ ಮೇಲೆಯೇ ಇರುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಷ್ಯರ ಪಾದ ತೊಳೆಯುತ್ತಾರೆ. ಆದರೆ ತಾನು ಗುರುವಲ್ಲವೆಂದು ಹೇಳುವುದಿಲ್ಲ. ಅಲ್ಲಿ ತಡೆದವನು ಪೇತ್ರ. ಇನ್ನೊಬ್ಬರಿಂದ ಪಡೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟವೆಂದು ನನಗನ್ನಿಸುವುದು ಈ ಪ್ರಸಂಗ ಓದಿದಾಗ.

ಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಧರ್ಮೋಪದೇಶಕನಿಗಂತೂ ಅದು ಇನ್ನೂ ಕಷ್ಟ. ನಮ್ಮ ನಾಡಿನಲ್ಲಿ ಇದನ್ನು ಸಾಧಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಜನರಿಗೆ ಉಪದೇಶಿಸಬೇಕಾದವರು ಅದೇ ಜನರ ಬಳಿಗೆ ಹೋಗಿ, ಸರ್ವಜ್ಞನ ವಚನ ನಿಮ್ಮಲ್ಲಿದ್ದರೆ ಕೊಡಿ ಎಂದು ಕೇಳಿದರು. ಹಸ್ತಪ್ರತಿಗಳಲ್ಲಿಯೂ ಹಳ್ಳಿಗರ ಬಾಯಲ್ಲಿಯೂ ಚದುರಿದ್ದ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಸುಮಾರು 2,000 ವಚನಗಳು! ಗರ್ವ ಬಿಟ್ಟು ಎಲ್ಲರಿಂದಲೂ ಕಲಿತ ಕವಿಯೆಂದು ನೀವು ಶಾಲೆಯಲ್ಲಿ ಓದಿರುವ ಸರ್ವಜ್ಞನನ್ನು ಅವರು ಕೂಡಿಸಿದ್ದೂ ಎಲ್ಲರಿಂದ ಬೇಡಿಯೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬೇರೆ ಧರ್ಮದವರ ಎದುರು ಬಾಗಿದ ಚನ್ನಪ್ಪನವರು ತಮ್ಮ ನಂಬಿಕೆಯನ್ನು ಬಿಡಲಿಲ್ಲ, ಮರೆಮಾಚಲೂ ಇಲ್ಲ. ಕ್ರಿಸ್ತನ ವಿಷಯವನ್ನು ಹಿಂದೂಗಳ ಮುಂದಿಡಲು 1921ರಲ್ಲಿ ಬರೆದ ಪುಸ್ತಕಕ್ಕೆ, ಬೆತ್ಲೆಹೇಮು ಬನಾರಸಕ್ಕೆ ವಿನಂತಿ ಮಾಡಿಕೊಳ್ಳುತ್ತಿದೆಯೆಂಬ ಅರ್ಥ ಬರುವಂತೆ ಹೆಸರಿಟ್ಟರು. ಹೇಳುವುದನ್ನು ಹೇಳಿದರು, ಆದರೆ ಅಪ್ಪಣೆಯಾಗಿ ಅಲ್ಲ. ಶರಣರ ವಚನಗಳನ್ನೂ ಅನುಭವಮಂಟಪದ ಇತಿಹಾಸವನ್ನೂ ಅದೇ ಶ್ರದ್ಧೆಯಿಂದ ಅಭ್ಯಸಿಸಿದರು.

1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಂಡ ಅವರನ್ನು ಕನ್ನಡಿಗರು ನೆನೆಯುವ ಹೆಸರು 'ತಿರುಳ್ಗನ್ನಡದ ತಿರುಕ'. ತಿರುಕನೆಂದರೆ ಭಿಕ್ಷುಕ.