ರಾಕೆಟ್ಟಿನ ಒಡಲಿನ ಕಿಟ್ಟ

ಕಮ್ಮಾರನ ಕುಲುಮೆಯಲ್ಲಿ ಬೆಂಕಿ ಆರಿದ ಬಳಿಕ ಬೂದಿಯ ನಡುವೆ ಗಟ್ಟಿಯಾದ ಕರಿಯ ಹೆಂಟೆಗಳು ಉಳಿದಿರುತ್ತವೆ. ಇವಕ್ಕೆ ಕಿಟ್ಟವೆಂದು ಹೆಸರು. ಉಪಗ್ರಹಗಳನ್ನು ಹೊತ್ತೊಯ್ಯುವ ಬೃಹತ್ ರಾಕೆಟ್ಟುಗಳ ಒಡಲಿನಲ್ಲಿಯೂ ಇಂತಹುದೇ ಕಿಟ್ಟ ಉಂಟಾಗುತ್ತದೆ. ಅದು ಎಷ್ಟು, ಎಲ್ಲಿ ಸಂಗ್ರಹವಾಗುವುದೆಂಬುದನ್ನು ಮುಂದಾಗಿ ಲೆಕ್ಕಹಾಕುವುದು ರಾಕೆಟ್ ವಿಜ್ಞಾನದ ಕಠಿಣ ಸಮಸ್ಯೆಗಳಲ್ಲಿ ಒಂದು.

ಉರಿದು ರಾಕೆಟ್ಟನ್ನು ಮುಂದಕ್ಕೆ ನೂಕುವ ವಸ್ತುವನ್ನು ನೋದಕವೆನ್ನುತ್ತಾರೆ. ಘನ ನೋದಕವು ಕನ್ನಡ ನಾಡಿಗೆ ಹೊಸತಲ್ಲ. 18ನೆಯ ಶತಮಾನದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆಗಳು ಕಬ್ಬಿಣದ ಕೊಳವೆಯಲ್ಲಿ ಕರಿಮದ್ದು ತುಂಬಿದ ರಾಕೆಟ್ಟುಗಳನ್ನು ಪ್ರಯೋಗಿಸಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಅಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗವು ಅನಿಲವಾಗದೆ ಘನಪದಾರ್ಥವಾಗಿಯೇ ಪರಿಣಮಿಸುತ್ತದೆ.

ಇಂದಿನ ಘನ ನೋದಕದಲ್ಲಿ ಅಮೋನಿಯಂ ಪರ್‌ಕ್ಲೋರೇಟ್, ಅಲ್ಯೂಮಿನಿಯಂ ಪುಡಿ ಹಾಗೂ ಇವೆರಡನ್ನೂ ಹಿಡಿದಿಡುವ ರಬ್ಬರಿನಂತಹ ಬಂಧಕ ಇರುತ್ತವೆ. ಭಾರತದ ಪಿ.ಎಸ್.ಎಲ್.ವಿ. ವಾಹನದ ಮೊದಲ ಹಂತದಲ್ಲಿ ಇಂತಹ ನೋದಕ ಸುಮಾರು 139 ಟನ್ ಇದೆ. ಅಲ್ಯೂಮಿನಿಯಂ ಉರಿದಾಗ ಅಪಾರ ಶಾಖ ಹೊಮ್ಮುತ್ತದೆ. ಜೊತೆಗೆ ಅಲ್ಯೂಮಿನಿಯಂ ಆಕ್ಸೈಡ್ ಹುಟ್ಟುತ್ತದೆ. ಇದು ಕರಗಲು ಸುಮಾರು 2,050 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಉರಿಯುವ ಕೋಣೆಯ ಉಷ್ಣತೆ 3,000 ಡಿಗ್ರಿಯನ್ನೂ ಮೀರುವುದರಿಂದ ಅದು ಅಲ್ಲಿ ದ್ರವದ ಹನಿಗಳಾಗಿಯೇ ಇರುತ್ತದೆ.

ಈ ಹನಿಗಳೆಲ್ಲ ಒಂದೇ ಗಾತ್ರದವಲ್ಲ. ಕೆಲವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಸೂಕ್ಷ್ಮವಾದ ಹೊಗೆ. ಇನ್ನು ಕೆಲವು, ನೋದಕದ ಮೇಲ್ಮೈಯಲ್ಲಿ ಅಲ್ಯೂಮಿನಿಯಂ ಪುಡಿ ಒಂದಕ್ಕೊಂದು ಅಂಟಿ ಕರಗಿದ ಕಾರಣ, ಅದರ ನೂರಾರು ಪಟ್ಟು ದೊಡ್ಡವಾಗಿರುತ್ತವೆ. ಹನಿಯ ಗತಿಯನ್ನು ನಿರ್ಧರಿಸುವುದು ಈ ಗಾತ್ರವೇ. ಯಂತ್ರಗಳು ಬರುವ ಮುನ್ನ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಸೀಮೆಯಲ್ಲಿ ರೈತರು ಒಕ್ಕಣೆಯ ಕಣದಲ್ಲಿ ಜೋಳವನ್ನು ಗಾಳಿಗೆ ತೂರುತ್ತಿದ್ದರು. ಹಗುರವಾದ ಹೊಟ್ಟು ಗಾಳಿಯೊಡನೆ ದೂರ ಸಾಗುತ್ತಿತ್ತು. ಭಾರವಾದ ಕಾಳು ಕಾಲಬುಡದಲ್ಲಿಯೇ ಬೀಳುತ್ತಿತ್ತು. ರಾಕೆಟ್ಟಿನೊಳಗೆ ನಡೆಯುವುದೂ ಇದೇ. ಅನೇಕ ರಾಕೆಟ್ಟುಗಳಲ್ಲಿ ಅನಿಲ ಹೊರಬೀಳುವ ನಳಿಕೆಯ ಬಾಯಿ ಕೋಣೆಯೊಳಕ್ಕೆ ಚಾಚಿಕೊಂಡಿದ್ದು, ಅದರ ಸುತ್ತ ತೊಟ್ಟಿಯಂತಹ ಎಡೆ ಇರುತ್ತದೆ. ಅನಿಲವು ಅಲ್ಲಿ ಥಟ್ಟನೆ ತಿರುಗಿ ನಳಿಕೆಯನ್ನು ಹೊಗುತ್ತದೆ. ಸಣ್ಣ ಹನಿಗಳು ಅದರೊಡನೆ ತಿರುಗುತ್ತವೆ. ದೊಡ್ಡವು ತಿರುಗಲಾರದೆ ತೊಟ್ಟಿಗೆ ಬೀಳುತ್ತವೆ. ಅಲ್ಲಿ ಕೂಡಿದುದೇ ಕಿಟ್ಟ.

ಈ ಕಿಟ್ಟದಿಂದಾಗುವ ಹಾನಿ ಅಲ್ಪವಲ್ಲ. ಹೊರಹೋಗಿ ರಾಕೆಟ್ಟನ್ನು ನೂಕಬೇಕಾಗಿದ್ದ ವಸ್ತು ಒಳಗೇ ಉಳಿದು ಹೊರೆಯಾಗುತ್ತದೆ. ಗೋಡೆಯ ಶಾಖರಕ್ಷಕ ಪದರವನ್ನು ಸುಡುತ್ತದೆ. ಒಮ್ಮೆಲೇ ನಳಿಕೆಗೆ ನುಗ್ಗಿದರೆ ದಾರಿ ಕಿರಿದಾಗಿ ಒಳಗಿನ ಒತ್ತಡ ಏರುತ್ತದೆ. 1993ರ ಜನವರಿಯಲ್ಲಿ ಐವರು ಗಗನಯಾತ್ರಿಗಳನ್ನು ಹೊತ್ತ ಅಮೆರಿಕದ ಎಂಡೆವರ್ ಷಟಲ್ ಮೇಲೇರುತ್ತಿದ್ದಾಗ ಅದರ ಒಂದು ಘನ ರಾಕೆಟ್ಟಿನಲ್ಲಿ ಹೀಗೆ ಒತ್ತಡ ಹಠಾತ್ತನೆ ಏರಿತು. ಯಾನ ಸುರಕ್ಷಿತವಾಗಿ ಮುಗಿಯಿತಾದರೂ ತಜ್ಞರು ಕಿಟ್ಟದ ಅಧ್ಯಯನವನ್ನು ಇನ್ನಷ್ಟು ಆಳವಾಗಿ ಕೈಗೊಂಡರು.

ನೆಲದ ಮೇಲೆ ರಾಕೆಟ್ಟನ್ನು ಉರಿಸಿ, ಉಳಿದ ಕಿಟ್ಟವನ್ನು ತೂಗಿದರೆ ಸಾಲದೆ? ಸಾಲದು. ಪರೀಕ್ಷೆಯಲ್ಲಿ ಬಹುಮಟ್ಟಿಗೆ ರಾಕೆಟ್ಟನ್ನು ಅಡ್ಡಲಾಗಿ ಮಲಗಿಸಿ ಬಿಗಿದಿರುತ್ತಾರೆ. ಹನಿಗಳು ಕೆಳಗಿನ ಗೋಡೆಯತ್ತ ಇಳಿಯುತ್ತವೆ. ಹಾರಾಟದಲ್ಲಿ ರಾಕೆಟ್ಟಿನ ವೇಗ ಕ್ಷಣಕ್ಷಣಕ್ಕೂ ಹೆಚ್ಚುವುದರಿಂದ ಹನಿಗಳು ಹಿಂಬದಿಗೆ ಒತ್ತಲ್ಪಡುತ್ತವೆ. ತಿರುಗುತ್ತ ಸಾಗುವ ರಾಕೆಟ್ಟಿನಲ್ಲಾದರೆ ಅವು ಸುತ್ತಲಿನ ಗೋಡೆಗೆ ಎಸೆಯಲ್ಪಡುತ್ತವೆ. ಆದುದರಿಂದ ವಿಜ್ಞಾನಿಗಳು ಗಣಿತದ ಮಾದರಿಯನ್ನು ಆಶ್ರಯಿಸುತ್ತಾರೆ. ಮೊದಲು ಅನಿಲದ ಹರಿವನ್ನು ಸಮೀಕರಣಗಳಿಂದ ಕಂಡುಹಿಡಿದು, ಬಳಿಕ ಬೇರೆ ಬೇರೆ ಗಾತ್ರದ ಸಾವಿರಾರು ಹನಿಗಳನ್ನು ಗಣಕಯಂತ್ರದಲ್ಲಿ ಒಂದೊಂದಾಗಿ ಹಿಂಬಾಲಿಸುತ್ತಾರೆ. ಯಾವುದು ಹೊರಬಿತ್ತು, ಯಾವುದು ಒಡೆದು ಸಣ್ಣದಾಯಿತು, ಯಾವುದು ತೊಟ್ಟಿ ಸೇರಿತು ಎಂಬ ಲೆಕ್ಕದಿಂದ ಕಿಟ್ಟದ ಪ್ರಮಾಣ ತಿಳಿಯುತ್ತದೆ.

ಆದರೆ ಆರಂಭದಲ್ಲಿ ಊಹಿಸಿದ ಹನಿಯ ಗಾತ್ರವೇ ತಪ್ಪಾದರೆ ಲೆಕ್ಕವೆಲ್ಲವೂ ತಪ್ಪು. ಅದಕ್ಕಾಗಿ ನೋದಕದ ಚಿಕ್ಕ ತುಣುಕುಗಳನ್ನು ಉರಿಸಿ, ಸಿಡಿದ ಹನಿಗಳನ್ನು ಒಡನೆಯೇ ತಣಿಸಿ ಹಿಡಿದು ಅಳೆಯುತ್ತಾರೆ. ಕೂದಲೆಳೆಗಿಂತ ತುಸು ದಪ್ಪವಾದ ಹನಿಯೊಂದರ ಸರಿಯಾದ ಅಳತೆಯ ಮೇಲೆ ನೂರಾರು ಟನ್ ತೂಕದ ವಾಹನದ ಕ್ಷೇಮ ನಿಂತಿದೆ.