ಸಾಕಿದ ಹೆಬ್ಬಾವು ಜೌಗಿಗಿಳಿದಾಗ

ಪ್ರಶ್ನೆ: ಮನೆಯಲ್ಲಿ ಸಾಕಿದ ವಿದೇಶಿ ಹಾವನ್ನು ಹೊರಗೆ ಬಿಟ್ಟರೆ ಅದು ಬದುಕೀತೇ?

ಉತ್ತರ: ಅಮೆರಿಕದ ಫ್ಲಾರಿಡಾದಲ್ಲಿರುವ ಎವರ್‌ಗ್ಲೇಡ್ಸ್ ಜೌಗುನೆಲದಲ್ಲಿ ಬದುಕಿದ್ದಷ್ಟೇ ಅಲ್ಲ, ಆಳುತ್ತಲೂ ಇದೆ. ಮರಿಯಾಗಿದ್ದಾಗ ಮುದ್ದಾಗಿ ಕಂಡ ಬರ್ಮಾ ಹೆಬ್ಬಾವು ಹತ್ತಡಿ ದಾಟಿದ ಮೇಲೆ ಸಾಕಿದವರೇ ಅದನ್ನು ಗುಟ್ಟಾಗಿ ಬಿಟ್ಟುಬಂದರು. 1992ರ ಆಂಡ್ರ್ಯೂ ಚಂಡಮಾರುತಕ್ಕೆ ಸಾಕಣೆ ಕೇಂದ್ರವೊಂದು ನೆಲಸಮವಾಗಿ ಇನ್ನಷ್ಟು ತಪ್ಪಿಸಿಕೊಂಡವು. ಬೆಚ್ಚಗಿನ ಹವೆ, ಹೇರಳ ನೀರು, ಸಲಕ್ಕೆ ಡಜನುಗಟ್ಟಲೆ ಮೊಟ್ಟೆ, ಇನ್ನೇನು ಬೇಕು? 2012ರ ಅಧ್ಯಯನವೊಂದರ ಪ್ರಕಾರ, ಅವು ಬಹುಕಾಲ ನೆಲೆಸಿದ ಕಡೆ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು ಕುಸಿದಿತ್ತು. ಈ ಹೆಬ್ಬಾವಿನ ಆಮದಿಗೆ ನಿಷೇಧ ಬಂದದ್ದೂ ಅದೇ ವರ್ಷ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ಹುಲ್ಲಿನಲ್ಲಿ ಮಲಗಿದ ಹೆಬ್ಬಾವು ಕಾಲ ಬುಡದಲ್ಲಿದ್ದರೂ ಕಾಣದು. ಹಾಗಾಗಿಯೇ 2017ರಲ್ಲಿ ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳ ಬುಡಕಟ್ಟಿನ ಇಬ್ಬರನ್ನು ಫ್ಲಾರಿಡಾಕ್ಕೆ ಕರೆಸಿಕೊಂಡರು. ಜಾಡು ಹಿಡಿದೇ ಅವರು ಕೆಲವೇ ವಾರಗಳಲ್ಲಿ ಎರಡು ಡಜನಿಗೂ ಹೆಚ್ಚು ಹೆಬ್ಬಾವುಗಳನ್ನು ಹೊರಗೆಳೆದರು.