ನೂರು ಕೆಜಿ ಮೈ, 226 ಕಿಲೋಮೀಟರ್ ದಾರಿ

ಕುಸ್ತಿಯ ಅಖಾಡದಲ್ಲಿ 57 ಕೆಜಿಯ ಹುಡುಗನನ್ನು 97 ಕೆಜಿಯ ಪೈಲ್ವಾನನ ಎದುರು ಬಿಟ್ಟರೆ ನೋಡುವವರೇ ಎದ್ದು ಗಲಾಟೆ ಮಾಡುತ್ತಾರೆ. ಬಾಕ್ಸಿಂಗ್, ಜೂಡೋ, ವೇಟ್‌ಲಿಫ್ಟಿಂಗ್ ಎಲ್ಲದರಲ್ಲೂ ಮೊದಲು ತೂಕ, ಆಮೇಲೆ ಆಟ. ದೂರದ ಓಟದ ಸ್ಪರ್ಧೆಗಳಲ್ಲಿ ಮಾತ್ರ ಈ ನ್ಯಾಯ ಸಾಮಾನ್ಯವಾಗಿ ಯಾರಿಗೂ ನೆನಪಾಗುವುದಿಲ್ಲ. 60 ಕೆಜಿಯವರೂ 105 ಕೆಜಿಯವರೂ ಒಂದೇ ಗೆರೆಯ ಹಿಂದೆ ನಿಂತು ಹೊರಡುತ್ತಾರೆ. ವಯಸ್ಸನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಹೆಣ್ಣೋ ಗಂಡೋ ಎಂಬುದನ್ನು ಹಿಡಿಯುತ್ತಾರೆ. ಇಡೀ ದಾರಿ ಹೊತ್ತು ಸಾಗಬೇಕಾದ ಮೈಭಾರವನ್ನು ಹಿಡಿಯುವುದಿಲ್ಲ.

ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್‌ನಲ್ಲಿ, ಅದೂ ಅಮೆರಿಕದಲ್ಲಿ, ಇದಕ್ಕೊಂದು ಅಪವಾದ ಇದೆ. ಅಲ್ಲಿನ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಟ್ರಯಥ್ಲಾನ್, 220 ಪೌಂಡ್ ಅಂದರೆ ಸುಮಾರು 100 ಕೆಜಿ ಮತ್ತು ಅದಕ್ಕೂ ಹೆಚ್ಚು ತೂಗುವ ಗಂಡಸರಿಗೆ 'ಕ್ಲೈಡ್ಸ್‌ಡೇಲ್' ಎಂಬ ವಿಭಾಗವನ್ನು, 165 ಪೌಂಡ್ ಅಂದರೆ ಸುಮಾರು 75 ಕೆಜಿ ಮುಟ್ಟಿದ ಹೆಂಗಸರಿಗೆ 'ಅಥೀನಾ' ಎಂಬ ವಿಭಾಗವನ್ನು ಗುರುತಿಸುತ್ತದೆ. ಕ್ಲೈಡ್ಸ್‌ಡೇಲ್ ಎಂದರೆ ಸ್ಕಾಟ್ಲೆಂಡಿನಲ್ಲಿ ಗಾಡಿ, ನೇಗಿಲು ಎಳೆಯುತ್ತಿದ್ದ ದೊಡ್ಡ ಮೈಕಟ್ಟಿನ ಕುದುರೆ ತಳಿ. ಅಥೀನಾ ಗ್ರೀಕರ ಯುದ್ಧದೇವತೆ. ಈ ವಿಚಾರ ಮೊದಲು ಬೇರೂರಿದ್ದು ಓಟಗಾರರ ನಡುವೆ. 1980ರ ದಶಕದಲ್ಲಿ ಮೇರಿಲ್ಯಾಂಡ್‌ನ ಜೋ ಲಾ ಎಂಬವರು, ತೂಕ ಹೆಚ್ಚಿದಂತೆ ಓಟದ ವೇಗ ಹೇಗೆ ತಗ್ಗುತ್ತದೆ ಎಂದು ಲೆಕ್ಕ ಹಾಕುತ್ತಾ ಭಾರದ ಓಟಗಾರರಿಗೂ ಬಹುಮಾನ ಬೇಕು ಎಂದು ಸಂಘಟಕರ ಬೆನ್ನು ಹತ್ತಿದರು. ಅಲ್ಲಿಂದ ಅದು ಟ್ರಯಥ್ಲಾನ್‌ಗೂ ಬಂತು. ಮೊದಲು ಗಡಿ 200 ಮತ್ತು 150 ಪೌಂಡ್ ಇತ್ತು, ಆಮೇಲೆ ಏರಿಸಿದರು.

ಚಿಕ್ಕ ದೂರದ ಸ್ಪರ್ಧೆಗಳಲ್ಲಿ ಈ ವಿಭಾಗಗಳು ಸಾಕಷ್ಟು ಕಾಣಸಿಗುತ್ತವೆ. ಆದರೆ ಅವುಗಳ ಅಗತ್ಯ ಎದ್ದು ಕಾಣುವುದು ಅತಿ ದೂರದ ಟ್ರಯಥ್ಲಾನ್‌ನಲ್ಲಿ. 3.86 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರಿನ ಪೂರ್ಣ ಮ್ಯಾರಥಾನ್, ಎಲ್ಲ ಒಂದೇ ದಿನದಲ್ಲಿ, ಸಾಮಾನ್ಯವಾಗಿ 17 ಗಂಟೆಯೊಳಗೆ. ಈ ದೂರಗಳ ಹುಚ್ಚು ಜೋಡಣೆ ಹುಟ್ಟಿದ್ದು ಹವಾಯಿಯಲ್ಲಿ. ಅಮೆರಿಕದ ನೌಕಾಪಡೆಯ ಜಾನ್ ಕಾಲಿನ್ಸ್, ಒವಾಹು ದ್ವೀಪದ ಮೂರು ಬೇರೆ ಬೇರೆ ಸ್ಪರ್ಧೆಗಳನ್ನು ಒಂದಕ್ಕೊಂದು ಹೆಣೆದು 1978ರ ಫೆಬ್ರುವರಿಯಲ್ಲಿ ನಡೆಸಿದರು. ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷ 58 ಸೆಕೆಂಡು ತೆಗೆದುಕೊಂಡರು. ಇಂದು ಐರನ್‌ಮ್ಯಾನ್ ಎಂದು ಜಗತ್ತೆಲ್ಲ ಕರೆಯುವುದು ಇದನ್ನೇ.

ಈಜಿನಿಂದಲೇ ಶುರುಮಾಡಿದರೆ, ಅಲ್ಲಿ ಭಾರದವರಿಗೆ ಅಷ್ಟೇನೂ ಅನ್ಯಾಯವಿಲ್ಲ. ಕೊಬ್ಬು ನೀರಿಗಿಂತ ಹಗುರ, ತೇಲುತ್ತದೆ. ಮೈಭಾರವನ್ನು ನೀರೇ ಹೊರುತ್ತದೆ. ತಣ್ಣೀರಿನ ಕೆರೆಗಳಲ್ಲಿ ವೆಟ್‌ಸೂಟ್ ತೊಟ್ಟರೆ ತೇಲುವುದು ಇನ್ನೂ ಸಲೀಸು. ಚೆನ್ನಾಗಿ ಈಜು ಕಲಿತ 110 ಕೆಜಿಯ ಮನುಷ್ಯ, ಈಜು ಬಾರದ 65 ಕೆಜಿಯವನನ್ನು ಹಿಂದೆ ಹಾಕುವುದು ದಿನವೂ ನಡೆಯುವ ಮಾತು.

ಸೈಕಲ್ ಹತ್ತಿದ ಮೇಲೆ ದಾರಿ ಹೇಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಸಮತಟ್ಟು ರಸ್ತೆಯಲ್ಲಿ ಎದುರಾಳಿ ಗಾಳಿಯೇ ಹೊರತು ಭೂಮಿಯ ಸೆಳೆತವಲ್ಲ. ಮೈ ದೊಡ್ಡದಾದಷ್ಟೇ ಪ್ರಮಾಣದಲ್ಲಿ ಗಾಳಿಗೆ ಒಡ್ಡುವ ಎದೆ ದೊಡ್ಡದಾಗುವುದಿಲ್ಲ. ತೊಡೆಯ ಸ್ನಾಯುಗಳು ದೊಡ್ಡವಿದ್ದರೆ ಪೆಡಲ್ ಮೇಲೆ ಬೀಳುವ ಬಲವೂ ಹೆಚ್ಚು. ಹಾಗಾಗಿ ಬಯಲಿನಲ್ಲಿ ದೊಡ್ಡ ಆಳುಗಳು ಸರಾಗವಾಗಿ ಹೋಗುತ್ತಾರೆ. ಏರು ಬಂದರೆ ಕಥೆ ಬೇರೆ. ಸೈಕಲ್ಲಿಗೆ 10 ಕೆಜಿ ಎಂದಿಟ್ಟುಕೊಂಡರೆ, 65 ಕೆಜಿಯವರು ಒಟ್ಟು 1,000 ಮೀಟರ್ ಎತ್ತರ ಏರಲು ಮಾಡಬೇಕಾದ ಕೆಲಸ ಸುಮಾರು 735 ಕಿಲೋಜೂಲ್. 100 ಕೆಜಿಯವರಿಗೆ ಅದೇ ಏರು 1,078 ಕಿಲೋಜೂಲ್ ಕೇಳುತ್ತದೆ. ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಕಾಲು ಭಾಗವಷ್ಟೇ ಆದ್ದರಿಂದ, ಹೆಚ್ಚುವರಿ 330 ಕ್ಯಾಲೊರಿಯಷ್ಟು ಅಲ್ಲೇ ಖರ್ಚಾಯಿತು. ಇಳಿಜಾರಿನಲ್ಲಿ ಭಾರ ಸ್ವಲ್ಪ ವೇಗ ಮರಳಿಸುತ್ತದೆ. ಏರಿನಲ್ಲಿ ಹೋದದ್ದು ಪೂರ್ತಿ ಬರುವುದಿಲ್ಲ. ಅನುಭವವುಳ್ಳ ಕ್ಲೈಡ್ಸ್‌ಡೇಲ್ ಸ್ಪರ್ಧಿಗಳು ಹೆಸರು ಕೊಡುವ ಮುಂಚೆ ದಾರಿಯ ಏರಿಳಿತದ ನಕ್ಷೆಯನ್ನು ಕಣ್ಣಿಟ್ಟು ನೋಡುವುದು ಇದಕ್ಕೇ.

ನಿಜವಾದ ಸುಂಕ ಕಟ್ಟುವ ಜಾಗ ಓಟ. ಒಂದು ಕಿಲೋಮೀಟರ್ ಓಡಲು ಮೈಯ ಪ್ರತಿ ಕೆಜಿಗೆ ಸುಮಾರು ಒಂದು ಕ್ಯಾಲೊರಿ ಬೇಕು ಎಂಬುದು ಓಟದ ಶರೀರಶಾಸ್ತ್ರದ ಹಳೆಯ ಲೆಕ್ಕ. ಅದರಂತೆ 65 ಕೆಜಿಯವರಿಗೆ ಮ್ಯಾರಥಾನ್ ಮುಗಿಸಲು 2,750 ಕ್ಯಾಲೊರಿ ಸಾಕು, 100 ಕೆಜಿಯವರಿಗೆ 4,200 ಬೇಕು. ಓಡುವಾಗ ಒಂದೊಂದು ಹೆಜ್ಜೆಗೂ ನೆಲದಿಂದ ಮೈತೂಕದ ಎರಡು ಮೂರು ಪಟ್ಟು ಹೊಡೆತ ಮರಳಿ ಬರುತ್ತದೆ. ನೂರು ಕೆಜಿಯವರ ಮೊಣಕಾಲು, ಹಿಮ್ಮಡಿಗಳು ಆ ಹೊಡೆತವನ್ನು ಹತ್ತಾರು ಸಾವಿರ ಸಲ ತಾಳಬೇಕು, ಅದೂ 180 ಕಿಲೋಮೀಟರ್ ಪೆಡಲ್ ತುಳಿದ ಕಾಲಿನಲ್ಲಿ.

ಇಲ್ಲಿ ಜನ ಅಷ್ಟಾಗಿ ಗಮನಿಸದ ಒಂದು ಸಂಗತಿ ಇದೆ. ದೊಡ್ಡ ಮೈಗೆ ಖರ್ಚು ಹೆಚ್ಚು, ಹೌದು; ಹೆಚ್ಚು ತಿಂದರೆ ಸರಿಹೋಗುತ್ತದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಹೋಗುವುದಿಲ್ಲ. ಶ್ರಮದ ನಡುವೆ ಕರುಳು ಗಂಟೆಗೆ ಇಷ್ಟೇ ಸಕ್ಕರೆಯನ್ನು ರಕ್ತಕ್ಕೆ ದಾಟಿಸಬಲ್ಲದು. ಗ್ಲೂಕೋಸ್ ಒಂದೇ ಆದರೆ ಸುಮಾರು 60 ಗ್ರಾಂ, ಫ್ರಕ್ಟೋಸ್ ಬೆರೆಸಿ ಕೊಟ್ಟರೆ 90 ಗ್ರಾಂ ಆಸುಪಾಸು. ಕ್ರೀಡಾಪೋಷಣೆಯ ವಿಜ್ಞಾನಿ ಆಸ್ಕರ್ ಯುಕೆಂಡ್ರಪ್ ಎತ್ತಿ ತೋರಿಸಿದಂತೆ, ಈ ಮಿತಿ ಮೈತೂಕದ ಜೊತೆ ಏರುವುದಿಲ್ಲ. ಅಂದರೆ 65 ಕೆಜಿಯವರಿಗೂ 105 ಕೆಜಿಯವರಿಗೂ ಗಂಟೆಗೆ ಸಿಗುವ ಹೊರಗಿನ ಶಕ್ತಿ ಹೆಚ್ಚುಕಡಿಮೆ ಒಂದೇ, 240ರಿಂದ 360 ಕ್ಯಾಲೊರಿ. ಖರ್ಚಿನಲ್ಲಿ ಅಜಗಜಾಂತರ, ಆದಾಯದಲ್ಲಿ ಸಮಾನತೆ. ಒಂದೆರಡು ಗಂಟೆಯ ಸ್ಪರ್ಧೆಯಲ್ಲಿ ಮೈಯೊಳಗಿನ ದಾಸ್ತಾನು ಈ ಕೊರತೆಯನ್ನು ಮುಚ್ಚುತ್ತದೆ. ಹದಿನಾಲ್ಕು ಗಂಟೆಯ ಸ್ಪರ್ಧೆಯಲ್ಲಿ ಮುಚ್ಚಲು ಏನೂ ಉಳಿದಿರುವುದಿಲ್ಲ. ಆಗ ವೇಗ ಇಳಿಸಿ ಕೊಬ್ಬನ್ನು ಉರಿಸುತ್ತಾ ಸಾಗುವುದೊಂದೇ ದಾರಿ. ತೂಕದ ವಿಭಾಗ ಬೇಕು ಎನ್ನಲು ಇದಕ್ಕಿಂತ ಗಟ್ಟಿಯಾದ ಕಾರಣ ಹುಡುಕಬೇಕಿಲ್ಲ.

ಆದರೂ ಇನ್ನೊಂದಿದೆ, ಸೆಖೆ. ಓಡುವ ಮೈ ಹುಟ್ಟಿಸುವ ಕಾವು ತೂಕಕ್ಕೆ ತಕ್ಕಂತೆ ಏರುತ್ತದೆ. ಕಾವು ಹೊರಹೋಗುವುದು ಚರ್ಮದ ಮೂಲಕ. ಆರಡಿ ದಾಟಿದ 100 ಕೆಜಿಯವರ ತೂಕ, ಐದಡಿ ಏಳಂಗುಲದ 65 ಕೆಜಿಯವರಿಗಿಂತ ಶೇ 54ರಷ್ಟು ಹೆಚ್ಚು. ಚರ್ಮದ ವಿಸ್ತೀರ್ಣ ಮಾತ್ರ ಶೇ 28ರ ಆಸುಪಾಸಿನಲ್ಲಿ ಹೆಚ್ಚು. ಉಳಿದ ಕಾವು ಒಳಗೇ ಉಳಿಯುತ್ತದೆ. 2000ದಲ್ಲಿ ಪ್ರಕಟವಾದ, ಫ್ರಾಂಕ್ ಮರಿನೊ ಮತ್ತು ಟಿಮ್ ನೋಕ್ಸ್ ತಂಡದ ಅಧ್ಯಯನದಲ್ಲಿ ಓಟಗಾರರನ್ನು ಬೇರೆ ಬೇರೆ ತಾಪಮಾನದಲ್ಲಿ ಓಡಿಸಿ ನೋಡಿದರು. ತಂಪಿನಲ್ಲಿ ತೂಕದ ಪರಿಣಾಮ ಅಷ್ಟಾಗಿ ಕಾಣಲಿಲ್ಲ. 35 ಡಿಗ್ರಿಯಲ್ಲಿ ಭಾರದವರು ಹಗುರ ಮೈಯವರಿಗಿಂತ ಸ್ಪಷ್ಟವಾಗಿ ನಿಧಾನವಾದರು.

ವೃತ್ತಿಪರರೂ ಇದರಿಂದ ಪಾರಾಗಿಲ್ಲ. ಡೆನ್ಮಾರ್ಕಿನ ತೂರ್ಬ್ಯೋರ್ನ್ ಸಿಂಡ್‌ಬಾಲೆ ಕ್ಲೈಡ್ಸ್‌ಡೇಲ್ ತೂಕದವರಲ್ಲ, ಆದರೆ ತಮ್ಮ ಎದುರಾಳಿಗಳ ನಡುವೆ ದೊಡ್ಡ ಆಳು. ಸೈಕಲ್ಲಿನಲ್ಲಿ ಎಲ್ಲರನ್ನೂ ದಣಿಸುತ್ತಿದ್ದ ಅವರು ಹವಾಯಿಯ ಕೋನಾದ ಬಿಸಿಲಲ್ಲಿ ಓಡುವಾಗ ಬಸವಳಿಯುತ್ತಿದ್ದರು. ಹಾಗಾಗಿ ಕಾವನ್ನೇ ಗುರಿಯಾಗಿಟ್ಟು ತಯಾರಿ ನಡೆಸಿದರು: ಮೈತುಂಬ ಬಿಳಿ ಉಡುಪು, ಕೈಗೆ ಐಸ್ ತುಂಬಿದ ಕೈಗವಸು. 2007ರಲ್ಲಿ ಕೋನಾದಲ್ಲೇ ನಡೆದ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಮೂರನೆಯ ಸ್ಥಾನ ಸಿಕ್ಕಿತು. ಜಗತ್ತಿನ ಮೇಲ್ತುದಿಯ ಅಥ್ಲೀಟ್ ಒಬ್ಬರು ಮೈಗಾತ್ರದ ಜೊತೆ ಇಷ್ಟು ಗುದ್ದಾಡಬೇಕಾದರೆ, ನೌಕರಿ, ಮನೆ, ಮಕ್ಕಳ ನಡುವೆ ತರಬೇತಿ ಮಾಡುವ 105 ಕೆಜಿಯವರ ಪಾಡು ಊಹಿಸಬಹುದು.

ಈ ವಿಭಾಗಕ್ಕೆ ವಿರೋಧವೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೊಜ್ಜಿಗೆ ಬಹುಮಾನ ಕೊಡಬೇಕೆ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ. ತಕ್ಕಡಿ ಬೊಜ್ಜನ್ನೂ ಸ್ನಾಯುವನ್ನೂ ಬೇರ್ಪಡಿಸಿ ಹೇಳುವುದಿಲ್ಲ ನಿಜ. ಆರಡಿ ನಾಲ್ಕಂಗುಲದ ಮಾಜಿ ದೋಣಿಗಾರನೂ, ಹಿಂದಿನ ವರ್ಷವಷ್ಟೇ ಸೋಫಾ ಬಿಟ್ಟೆದ್ದ ಐದಡಿ ಎಂಟಂಗುಲದ ಗುಮಾಸ್ತನೂ ಒಂದೇ ಪಟ್ಟಿಗೆ ಬೀಳುತ್ತಾರೆ. ಆದರೆ 17 ಗಂಟೆಯ ಗಡುವಿನೊಳಗೆ 226 ಕಿಲೋಮೀಟರ್ ಮುಗಿಸುವವರು ತಿಂಗಳುಗಟ್ಟಲೆ ಬೆವರು ಹರಿಸಿದವರೇ. ಅವರು ವಿನಾಯಿತಿ ಕೇಳುತ್ತಿಲ್ಲ. ದೂರ ಅಷ್ಟೇ, ಗಡುವು ಅಷ್ಟೇ. ತಮ್ಮ ಸಮಾನರ ಎದುರು ಗೆಲ್ಲುವ ಸೋಲುವ ಅವಕಾಶ ಮಾತ್ರ ಬೇರೆ.

ಹಗುರ ಮೈಯವರಿಗೆ ಇಂಥದೇ ರಕ್ಷಣೆ ಸಿಕ್ಕ ಉದಾಹರಣೆಯೂ ಇದೆ. ರೋಯಿಂಗ್‌ನಲ್ಲಿ ಉದ್ದನೆಯ, ಭಾರವಾದ ಆಳುಗಳದೇ ಮೇಲುಗೈ. ಹಾಗಾಗಿ 72.5 ಕೆಜಿ ದಾಟದ ಗಂಡಸರಿಗೆ, 59 ಕೆಜಿ ದಾಟದ ಹೆಂಗಸರಿಗೆ 'ಲೈಟ್‌ವೇಟ್' ವಿಭಾಗ ಮಾಡಿದರು. 1996ರ ಅಟ್ಲಾಂಟಾದಿಂದ 2024ರ ಪ್ಯಾರಿಸ್‌ವರೆಗೆ ಅದು ಒಲಿಂಪಿಕ್ಸ್‌ನಲ್ಲೇ ಇತ್ತು.

ನಡಾವಳಿ ಸರಳ. ಹೆಸರು ನೋಂದಾಯಿಸುವಾಗಲೇ ವಯೋಮಾನದ ಪಟ್ಟಿಯೋ ತೂಕದ ಪಟ್ಟಿಯೋ ಎಂದು ಆರಿಸಿಕೊಳ್ಳಬೇಕು. ಬಿಬ್, ಅಂದರೆ ಸ್ಪರ್ಧಿಯ ಸಂಖ್ಯೆಯ ಚೀಟಿ, ಪಡೆಯುವ ಜಾಗದಲ್ಲಿ ತಕ್ಕಡಿ ಇಟ್ಟಿದ್ದರೆ ಹತ್ತಿ ತೋರಿಸಬೇಕು. ಹಲವು ಕಡೆ 39ರವರೆಗೆ ಒಂದು, 40 ದಾಟಿದವರಿಗೆ ಇನ್ನೊಂದು ಎಂದು ಒಳಗೆ ಮತ್ತೆರಡು ಪಾಲು. ಗಡಿಯ ಹತ್ತಿರ ಇರುವವರಿಗೆ ಒಂದು ವಿಚಿತ್ರ ಇಕ್ಕಟ್ಟು ಎದುರಾಗುತ್ತದೆ. ಚೆನ್ನಾಗಿ ತರಬೇತಿ ಮಾಡಿದರೆ ತೂಕ ಇಳಿಯುತ್ತದೆ, 102 ಕೆಜಿ ಇದ್ದವರು 97ಕ್ಕೆ ಬಂದರೆ ವಿಭಾಗವೇ ಕೈತಪ್ಪುತ್ತದೆ. ತೂಕ ಇಳಿದ ಸಂತೋಷದ ಜೊತೆಗೆ, ಹಗುರ ಮೈಯವರ ವಯೋಮಾನದ ಪಟ್ಟಿಯಲ್ಲಿ ಮತ್ತೆ ತಳದಿಂದ ಶುರುಮಾಡಬೇಕಾದ ಸ್ಥಿತಿ.

ಸಲಕರಣೆಯ ವಿಚಾರದಲ್ಲೂ ಎಚ್ಚರ ಬೇಕು. ಹಗುರ ಕಾರ್ಬನ್ ಚಕ್ರಗಳು ಎಷ್ಟು ತೂಕದವರೆಗೆ ತಡೆಯುತ್ತವೆ ಎಂದು ತಯಾರಕರು ನಮೂದಿಸಿರುತ್ತಾರೆ. ಓದದೆ ಕೊಂಡವರ ಕಡ್ಡಿಗಳು ದಾರಿಯಲ್ಲಿ ಮುರಿಯುವುದುಂಟು. ಕಡ್ಡಿ ಹೆಚ್ಚಿರುವ ಚಕ್ರ, ಅಗಲದ ಟೈರು ಮೇಲು. ತರಬೇತಿಯಲ್ಲಿ ಈಜು, ಸೈಕಲ್ಲಿಗೆ ದೊಡ್ಡ ಪಾಲು ಕೊಟ್ಟು ಓಟವನ್ನು ನಿಧಾನವಾಗಿ ಏರಿಸುವುದು ಕೀಲುಗಳಿಗೆ ಒಳ್ಳೆಯದು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಜನಪ್ರಿಯಗೊಳಿಸಿದ ಓಡು-ನಡೆ ಪದ್ಧತಿ, ಅಂದರೆ ಕೆಲವು ನಿಮಿಷ ಓಡಿ ಒಂದು ನಿಮಿಷ ನಡೆಯುವುದು, ದೊಡ್ಡ ಮೈಯವರಿಗೆ ಹೇಳಿ ಮಾಡಿಸಿದಂತಿದೆ. ಈಜಿಗೆ ಒಂದು ಗಂಟೆ 40 ನಿಮಿಷ, ಸೈಕಲ್ಲಿಗೆ ಏಳು ಗಂಟೆ, ಬಟ್ಟೆ ಬದಲಿಸಲು 20 ನಿಮಿಷ ಹಿಡಿದರೂ ಮ್ಯಾರಥಾನ್‌ಗೆ ಎಂಟು ಗಂಟೆ ಉಳಿಯುತ್ತದೆ. ಕಿಲೋಮೀಟರಿಗೆ 11 ನಿಮಿಷ 20 ಸೆಕೆಂಡು. ಬಿರುಸಿನ ನಡಿಗೆಯಲ್ಲೇ ಮುಗಿಸಬಹುದಾದ ವೇಗ ಅದು.

ಇಷ್ಟಾದರೂ ಕೋನಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಕೊಡುವಾಗ ವಯಸ್ಸು, ಲಿಂಗ ಎರಡೇ ಲೆಕ್ಕ. ಜಾಗತಿಕ ಸಂಸ್ಥೆಯಾದ ವರ್ಲ್ಡ್ ಟ್ರಯಥ್ಲಾನ್‌ನ ಹವ್ಯಾಸಿ ಚಾಂಪಿಯನ್‌ಷಿಪ್‌ಗಳೂ ವಯೋಮಾನದ ಪ್ರಕಾರವೇ ನಡೆಯುತ್ತವೆ.

ಭಾರತಕ್ಕೆ ಈ ಚರ್ಚೆ ತೀರ ಹೊರಗಿನದಲ್ಲ. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾಯಿತು. ಅಲ್ಲಿ ದೂರ ಅರ್ಧ, ಗಡುವು ಎಂಟೂವರೆ ಗಂಟೆ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷಗಳಲ್ಲಿ ಅದನ್ನು ಮುಗಿಸಿದಾಗ, ಅದುವರೆಗೆ ಈ ಆಟದ ಹೆಸರೂ ಕೇಳದಿದ್ದ ಎಷ್ಟೋ ಕನ್ನಡಿಗರ ಕಿವಿಗೆ ಅದು ಬಿತ್ತು. ಬೆಂಗಳೂರಿನಲ್ಲಿ ಸೈಕಲ್, ಓಟದ ಗುಂಪುಗಳು ತುಂಬಾ ಇವೆ. ಅಲ್ಲಿಂದ ಗೋವಾಕ್ಕೆ ಹೋಗುವವರೂ ಇದ್ದಾರೆ.

ಕರಾವಳಿಯ ಸೆಖೆಯಲ್ಲಿ ನಡೆಯುವ ಇಂಥ ಸ್ಪರ್ಧೆಗಳಲ್ಲಿ ಭಾರದವರಿಗೆ ಎರಡು ಕಡೆಯಿಂದ ಪೆಟ್ಟು. ಮುಂಚೂಣಿಯ ಹಗುರ ಓಟಗಾರರು ಬೇಗ ಓಡಿ ಮುಗಿಸಿ ನೆರಳು ಸೇರುವ ಹೊತ್ತಿಗೆ, ದೊಡ್ಡ ಮೈಯವರು ಇನ್ನೂ ಸೈಕಲ್ ಇಳಿಯುತ್ತಿರುತ್ತಾರೆ. ಅವರ 21 ಕಿಲೋಮೀಟರಿನ ಓಟ ನಡುಹಗಲಿಗೆ ಬೀಳುತ್ತದೆ. ಕಾವನ್ನು ಹೊರಹಾಕಲು ಕಷ್ಟಪಡುವ ಮೈಗೇ ದಿನದ ಅತಿ ಕಾದ ಗಂಟೆಗಳು. ಅಮೆರಿಕಕ್ಕಿಂತ ಇಲ್ಲಿನ ಹವೆಯಲ್ಲಿ ತೂಕದ ವಿಭಾಗಕ್ಕೆ ಹೆಚ್ಚು ಅರ್ಥವಿದೆ. ಜಾಗತಿಕ ಬ್ರ್ಯಾಂಡಿನ ನಿಯಮ ಬದಲಿಸುವುದು ಸ್ಥಳೀಯರ ಕೈಯಲ್ಲಿಲ್ಲ, ಆದರೆ ಸ್ವತಂತ್ರವಾಗಿ ಟ್ರಯಥ್ಲಾನ್ ನಡೆಸುವ ಸಂಘಟಕರಿಗೆ ಯಾವ ತಡೆಯೂ ಇಲ್ಲ. ನೋಂದಣಿ ಅರ್ಜಿಯಲ್ಲಿ ಒಂದು ಹೆಚ್ಚಿನ ಕಲಂ, ಬಿಬ್ ಕೊಡುವ ಮೇಜಿನ ಪಕ್ಕ ಒಂದು ತಕ್ಕಡಿ, ನಡುಹಗಲಿನ ಓಟದ ದಾರಿಯಲ್ಲಿ ಇನ್ನಷ್ಟು ಐಸು, ನೀರು, ಮತ್ತು ಗಂಡಸರಿಗೆ ಮೂರು, ಹೆಂಗಸರಿಗೆ ಮೂರು ಹೆಚ್ಚಿನ ಪದಕ. ಬೇಕಾಗುವ ಖರ್ಚು ಇಷ್ಟೇ.